ಇಂಜಿನ್ ನಿಂತ ಮೇಲೂ ಕೇಳಿದ ಸದ್ದು

ಅರಕಲಗೂಡಿನಿಂದ ಹೊಳೆನರಸೀಪುರದ ಕಡೆಗೆ ರಸ್ತೆ ಹೊರಳುವಲ್ಲಿ ಅಶೋಕನ ಗ್ಯಾರೇಜು ಇದೆ. ತಗಡಿನ ಚಾವಣಿ, ಮುಂದೊಂದು ಹೊಂಗೆ ಮರ. ಬೋರ್ಡಿನ ಮೇಲೆ ಮಗಳ ಹೆಸರಿದ್ದರೂ ಆ ಹೆಸರಿನಿಂದ ಯಾರೂ ಗ್ಯಾರೇಜನ್ನು ಕರೆಯುವುದಿಲ್ಲ. "ಕಿವಿ ಅಶೋಕನ ಅತ್ರ ಬಿಟ್ಟಿವ್ನಿ" ಎಂದರೆ ಸಾಕು, ಗಾಡಿ ಎಲ್ಲಿದೆ ಎಂದು ಊರಿಗೆ ಗೊತ್ತಾಗುತ್ತದೆ.

ಆ ಹೆಸರು ಬಂದದ್ದು ಅವನು ಕೆಲಸ ಮಾಡುವ ರೀತಿಯಿಂದ. ಗಾಡಿ ಬಂದು ನಿಂತರೆ ಅವನು ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ ರಬ್ಬರ್ ಪೈಪಿನ ತುಂಡೊಂದನ್ನು ತೆಗೆದು, ಒಂದು ತುದಿಯನ್ನು ಬಲಗಿವಿಗೆ ಸಿಕ್ಕಿಸಿಕೊಳ್ಳುತ್ತಾನೆ. ಎಡಗಿವಿಯನ್ನು ಬೆರಳಿನಿಂದ ಮುಚ್ಚುತ್ತಾನೆ. ಪೈಪಿನ ಇನ್ನೊಂದು ತುದಿ, ಓಡುತ್ತಿರುವ ಇಂಜಿನ್ನಿನ ಮೇಲೆ ಸಂದಿಯಿಂದ ಸಂದಿಗೆ ಹೋಗುತ್ತದೆ. ಆಗ ಅವನ ಕಣ್ಣು ಅರ್ಧ ಮುಚ್ಚಿರುತ್ತದೆ. ಪಕ್ಕದಲ್ಲಿ ನಿಂತವರು ಮಾತು ನಿಲ್ಲಿಸುತ್ತಾರೆ. ದೇವಸ್ಥಾನದಲ್ಲಿ ಹೂ ಬೀಳುವುದನ್ನು ಕಾಯುವವರ ಹಾಗೆ ಅವನ ಮುಖ ನೋಡುತ್ತಾರೆ.

ಕೇಳುವುದನ್ನು ಅವನಿಗೆ ಕಲಿಸಿದ್ದು ಅಪ್ಪ ಚಿಕ್ಕಯ್ಯ. ಹೊಗೆಸೊಪ್ಪನ್ನು ಕಾವು ಕೊಟ್ಟು ಒಣಗಿಸುವ ಬ್ಯಾರನ್ ಎಂಬ ಎತ್ತರದ ಕಟ್ಟಡಗಳಲ್ಲಿ ಬೆಂಕಿ ನೋಡಿಕೊಳ್ಳುವ ಕೂಲಿ ಅವರದು. ಬೆಂಕಿ ಹೆಚ್ಚಾದರೆ ಸೊಪ್ಪು ಸುಡುತ್ತದೆ, ಕಡಿಮೆಯಾದರೆ ಕೊಳೆಯುತ್ತದೆ. ಒಲೆಯ ಬಾಯಿ ತೆರೆದು ನೋಡಿದರೆ ಕಾವು ಹೋಗುತ್ತದೆಂದು ಚಿಕ್ಕಯ್ಯ ಗೋಡೆಗೆ ಕಿವಿಯಿಟ್ಟು ಬೆಂಕಿಯ ಸದ್ದನ್ನು ಅಳೆಯುತ್ತಿದ್ದರು. ಮಗನೂ ಪಕ್ಕದಲ್ಲಿ ಕಿವಿಯಿಟ್ಟ. ಮುಂದೆ ಹಾಸನದ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಸೇರಿದಾಗ ಇಂಜಿನ್ನು ಅವನಿಗೆ ಹೊಸದೆನಿಸಲಿಲ್ಲ. ಅದೂ ಗೋಡೆಯ ಹಿಂದಿನ ಬೆಂಕಿಯೇ ಆಗಿತ್ತು.

ಕಳೆದ ವರ್ಷ, ಹಿಂಗಾರಿನ ಮಳೆ ನಿಂತ ಹೊಸತರಲ್ಲಿ, ಒಂದು ಭಾನುವಾರ ಬೆಳಿಗ್ಗೆ ಅಶೋಕ ಎದ್ದಾಗ ಬಲಗಿವಿ ಕಟ್ಟಿಕೊಂಡಿತ್ತು. ಕಿವಿಯೊಳಗೆ ಅರಳೆ ತುಂಬಿದ ಹಾಗಿತ್ತು. ಎದ್ದು ನಿಂತಾಗ ನೆಲ ಸ್ವಲ್ಪ ವಾಲಿದಂತಾಗಿ ಸರಿಹೋಯಿತು. ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡಿದ್ದರಿಂದ ನೀರು ಹೋಗಿರಬೇಕು ಎಂದುಕೊಂಡ.

ಅವನ ತಾಯಿ ಪಾರ್ವತಮ್ಮನೂ ಅದನ್ನೇ ಹೇಳಿದರು. "ನೀರು ಒಕ್ಕಂಡದೆ ಕಣ್ಲಾ. ಹೊಗೆ ಊದ್ತೀನಿ ಬಾ, ಸಂಜೀಕೆ ಸರಿ ಓಯ್ತದೆ."

ಆ ಕಡೆಯ ಮನೆಗಳಲ್ಲಿ ಕಿವಿಯ ಮದ್ದು ಅದೇ. ಒಣಗಿದ ಹೊಗೆಸೊಪ್ಪನ್ನು ಸುರುಳಿ ಸುತ್ತಿ ಹೊತ್ತಿಸಿ, ಕಾಗದದ ಕೊಳವೆಯಿಂದ ಹೊಗೆಯನ್ನು ಕಿವಿಗೆ ಊದುತ್ತಾರೆ. ಬೆಚ್ಚಗಾಗುತ್ತದೆ, ಮಕ್ಕಳ ಅಳು ನಿಲ್ಲುತ್ತದೆ. ಅಶೋಕನ ಎಲ್ಲ ಕಿವಿನೋವುಗಳೂ ಹಾಗೆಯೇ ಹೋಗಿದ್ದವು. ಅವನ ಹೆಂಡತಿ ಧನಲಕ್ಷ್ಮಿ ಒಲೆಯ ಮುಂದಿನಿಂದಲೇ, "ಆಸ್ಪತ್ರೇಲಿ ಒಂದ್ಸಲ ತೋರಿಸ್ಬಾರ್ದಾ?" ಎಂದಳು.

"ಕಿವೀಗೆ ನೀರು ಓದ್ರೆ ಆಸ್ಪತ್ರೆ ಅಂತಾಳಲ್ಲವ್ವ ಇವ್ಳು. ನಾಳೆ ಸೀನು ಬಂದ್ರೆ ಆಂಬುಲೆನ್ಸ್ ಕರೆಸ್ತಾಳೆ."

ಪಾರ್ವತಮ್ಮ ನಕ್ಕರು. ಹೊಗೆ ಊದಿದರು.

ಸೋಮವಾರ ಪ್ರತಿಭಾಳ ಕಾರು ಬಂತು. ಅವಳು ಹೊಳೆನರಸೀಪುರದ ಆಸ್ಪತ್ರೆಯಲ್ಲಿ ನರ್ಸು. ಮನೆ ಅರಕಲಗೂಡಿನಲ್ಲಿ. ದಿನವೂ ಹೋಗಿಬರಲು ಒಂದು ಸಣ್ಣ ಪೆಟ್ರೋಲ್ ಕಾರು ಇಟ್ಟುಕೊಂಡಿದ್ದಾಳೆ.

"ಅಶೋಕಣ್ಣ, ಇಂಜಿನ್ ಲೈಟು ಹತ್ಕೊಂಡಿದೆ. ಓಡುವಾಗ ಪರವಾಗಿಲ್ಲ. ಬಸ್ ಸ್ಟ್ಯಾಂಡ್ ಮುಂದೆ ನಿಂತ್ರೆ ಚಳಿಜ್ವರ ಬಂದೋರ ಹಾಗೆ ನಡುಗುತ್ತೆ."

"ಲೈಟು ಅಂದ್ರೆ ಎಳೇಮಗು ಅತ್ತಂಗೆ ಸಿಸ್ಟರೇ. ಅಳ್ತದೆ ಅಷ್ಟೆ, ಯಾಕಳ್ತೀನಿ ಅಂತ ಏಳಾಕಿಲ್ಲ." ಅವನು ಬಾನೆಟ್ ಎತ್ತಿದ. "ನಿಂತಾಗ ನಡುಗಿ ಓಡ್ತಾ ಸರಿ ಆಯ್ತದೆ ಅಂದ್ರೆ, ಎಲ್ಲೋ ಕದ್ದು ಗಾಳಿ ಎಳ್ಕತಾ ಅದೆ."

ಅವನ ಅಂದಾಜು ಸರಿಯಾಗಿಯೇ ಇತ್ತು. ಇಂಜಿನ್ನು ಒಂದೇ ದಾರಿಯಿಂದ ಉಸಿರಾಡಬೇಕು. ಯಾವುದಾದರೂ ಕೊಳವೆ ಸೀಳಿದರೆ ಅಲ್ಲಿಂದಲೂ ಗಾಳಿ ನುಗ್ಗಿ, ಪೆಟ್ರೋಲಿನ ಲೆಕ್ಕ ತಪ್ಪಿ, ಗಾಡಿ ನಡುಗುತ್ತದೆ, ಹಳದಿ ದೀಪ ಹೊತ್ತುತ್ತದೆ. ಸೀಳಿದ ಜಾಗ ಸುಯ್ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಅಷ್ಟು ಗದ್ದಲದಲ್ಲಿ ಆ ಸಣ್ಣ ಸದ್ದನ್ನು ಹುಡುಕುವುದಕ್ಕಾಗಿಯೇ ಅವನು ಪೈಪು ಇಟ್ಟುಕೊಂಡಿದ್ದ.

ಸಾಮಾನ್ಯವಾಗಿ ತುಂಬ ಹೊತ್ತು ಹುಡುಕಬೇಕಾಗುತ್ತಿತ್ತು. ಆ ದಿನ ಪೈಪು ಇಟ್ಟ ಮೊದಲ ಜಾಗದಲ್ಲೇ ಸಿಕ್ಕಿತು. ಸುಯ್. ಇಂಜಿನ್ನಿಗೆ ಗಾಳಿ ಕೊಡುವ ದಪ್ಪ ಕೊಳವೆಯ ಬುಡ. ಇಂಜಿನ್ನಿನ ಉಳಿದ ಸದ್ದು ಯಾಕೋ ದೂರದಲ್ಲಿತ್ತು, ಪಕ್ಕದ ಬೀದಿಯಲ್ಲಿ ಯಾರೋ ಗಾಡಿ ಓಡಿಸುತ್ತಿರುವಂತೆ. ನೀರು ಇನ್ನೂ ಇಳಿದಿಲ್ಲ ಎಂದುಕೊಂಡ. ಅಲ್ಲಿನ ಪ್ಯಾಕಿಂಗ್ ಬದಲಾಯಿಸಿ, ಬಿಗಿಮಾಡಿ, ದೀಪ ಆರಿಸಿ ಕಾರು ಕೊಟ್ಟ.

ರಿಪೇರಿಯ ನಂತರ ಇನ್ನೊಮ್ಮೆ ಪೈಪು ಹಿಡಿಯುವುದು ಅವನ ಪದ್ಧತಿ. ಅಂದು ಹಿಡಿಯಲಿಲ್ಲ, ಏಕೆಂದರೆ ಶುಂಠಿ ವ್ಯಾಪಾರದ ಈಶ್ವರಯ್ಯನವರು ತಮ್ಮ ವ್ಯಾನು ತಂದು ನಿಲ್ಲಿಸಿದ್ದರು. ಮುಂದಿನ ಬಲಚಕ್ರದಲ್ಲಿ ಗರಗರ ಸದ್ದು ಬರುತ್ತಿದೆ ಎಂದರು. ಅಶೋಕ ವ್ಯಾನನ್ನು ಊರಿನ ಕೋಟೆಯ ಕಡೆಗೆ ಒಂದು ಸುತ್ತು ಓಡಿಸಿಕೊಂಡು ಬಂದ. ಬಲಗಡೆಯ ಕಿಟಕಿ ಇಳಿಸಿ, ಕುತ್ತಿಗೆ ಹೊರಗೆ ಚಾಚಿ ಕೇಳಿಸಿಕೊಂಡ. ಏನೂ ಇರಲಿಲ್ಲ.

"ಚಕ್ರದಾಗೇನೂ ಇಲ್ಲ ಸಾ. ನಿಮ್ ಕಿವೀಗೆ ವಯಸ್ಸಾಯ್ತು ಅಷ್ಟೆ."

"ನೀನು ಅಂದ್ಮೇಲೆ ಮುಗೀತು ಬಿಡಯ್ಯ" ಎಂದು ಈಶ್ವರಯ್ಯ ವ್ಯಾನು ಹತ್ತಿದರು.

ಬುಧವಾರ ಪ್ರತಿಭಾ ಮತ್ತೆ ಬಂದಳು. ದೀಪ ಹೊತ್ತಿತ್ತು. ನಡುಕ ಹೆಚ್ಚಾಗಿತ್ತು. ಅಶೋಕ ಪೈಪು ಹಿಡಿದ. ಮತ್ತೆ ಸುಯ್ ಎಂದಿತು, ಈ ಸಲ ಬೇರೆ ಕಡೆ. ಅಲ್ಲಿಯ ಕೊಳವೆಯನ್ನೂ ಬದಲಾಯಿಸಿದ. ಅವನ ಕೈಯಿಂದ ಹೋದ ಗಾಡಿ ಅದೇ ಕಾಯಿಲೆಗೆ ಮರಳಿ ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಪ್ರತಿಭಾ ಕೀ ಇಸಿದುಕೊಂಡು ಹೊರಟಳು. ಆ ಅವಮಾನವನ್ನು ಅವನು ಮನೆಗೆ ಹೊತ್ತುಕೊಂಡು ಹೋದ. ಅಂದು ಹೊಗೆ ಊದಿಸಿಕೊಳ್ಳುವಾಗ ತಾಯಿಯ ಮೇಲೆ ರೇಗಿದ.

ಗುರುವಾರ ಬೆಳಿಗ್ಗೆ, ಇನ್ನೂ ಬಾಗಿಲು ಪೂರ್ತಿ ತೆರೆಯುವ ಮೊದಲೇ, ಅದೇ ಕಾರು ನಡುಗುತ್ತಾ ಹೊಂಗೆ ಮರದ ಕೆಳಗೆ ನಿಂತಿತು.

"ಆಫ್ ಮಾಡ್ಬ್ಯಾಡಿ, ಅಂಗೇ ಕೂತಿರಿ" ಎಂದ ಅಶೋಕ.

ದಪ್ಪ ಕೊಳವೆಯ ಬುಡಕ್ಕೆ ಪೈಪು ಇಟ್ಟ. ಸುಯ್. ತನ್ನ ಕೈಯಾರೆ ಬಿಗಿಮಾಡಿದ ಜಾಗ ಅದು. ಬುಧವಾರ ಹಾಕಿದ ಹೊಸ ಕೊಳವೆಗೆ ಇಟ್ಟ. ಅಲ್ಲೂ ಅಷ್ಟೇ, ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬ್ಯಾಟರಿಯ ಮೇಲೆ ಇಟ್ಟ. ಬ್ಯಾಟರಿ ಉಸಿರಾಡುವುದಿಲ್ಲ. ಅಲ್ಲೂ ಸುಯ್ ಎಂದಿತು. ಪೈಪನ್ನು ನಿಧಾನವಾಗಿ ಎತ್ತಿ ಮುಂದಿನ ದೀಪದ ಗಾಜಿನ ಮೇಲೆ ಇಟ್ಟ. ಧನಲಕ್ಷ್ಮಿ ಅವನಿಗೆ ಕಾಫಿ ತಂದಿದ್ದಳು. ಗಂಡ ಗಾಜಿಗೆ ಕಿವಿಗೊಡುವುದನ್ನು ಕಂಡು ನಗಲು ಹೊರಟವಳು ಅವನ ಮುಖ ನೋಡಿ ಲೋಟವನ್ನು ಕೆಳಗಿಟ್ಟಳು.

"ಆಫ್ ಮಾಡಿ ಸಿಸ್ಟರೇ."

ಪ್ರತಿಭಾ ಕೀ ತಿರುಗಿಸಿದಳು. ಇಂಜಿನ್ನು ಒಮ್ಮೆ ಕುಲುಕಿ ನಿಂತಿತು. ಬೀದಿ ಒಮ್ಮೆಲೇ ಬರಿದಾದಂತಾಯಿತು. ಎಲ್ಲೋ ಒಂದು ಆಟೋ ಹೋಯಿತು.

ಪೈಪಿನೊಳಗೆ ಸುಯ್ ಎನ್ನುತ್ತಲೇ ಇತ್ತು.

"ಆಫ್ ಮಾಡುದ್ರಾ?"

"ಮಾಡ್ದೆ ಅಶೋಕಣ್ಣ." ಅವಳು ಕೀ ಎತ್ತಿ ತೋರಿಸಿದಳು.

ಅವನು ಪೈಪನ್ನು ಕಿವಿಯಿಂದ ತೆಗೆದ. ಸದ್ದು ಪೈಪಿನ ಜೊತೆ ಬರಲಿಲ್ಲ. ಇದ್ದಲ್ಲೇ ಇತ್ತು. ಪೈಪನ್ನು ನೆಲಕ್ಕೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದ. ಸದ್ದೂ ಅವನ ಜೊತೆ ಹಿಂದೆ ಸರಿಯಿತು. ಕಾರಿನಿಂದ ದೂರ, ರಸ್ತೆಯ ಅಂಚಿಗೆ ನಡೆದುಹೋಗಿ ನಿಂತ. ಅಲ್ಲಿ ನಿಂತು ಹಿಂತಿರುಗಿ ನೋಡಿದಾಗ ಅವನ ಮುಖದಲ್ಲಿದ್ದುದನ್ನು ಭಯ ಎನ್ನಲಾಗದು. ತನ್ನ ಮನೆಯೊಳಗೆ ಅಪರಿಚಿತನೊಬ್ಬ ದಿನಗಳಿಂದ ಕೂತಿರುವುದನ್ನು ಈಗಷ್ಟೇ ಕಂಡವನ ಹಾಗಿದ್ದ.

ಪ್ರತಿಭಾ ಕಾರಿನಿಂದಿಳಿದು ಬಂದಳು. ಅವನ ಎಡಗಿವಿಯನ್ನು ತನ್ನ ಅಂಗೈಯಿಂದ ಒತ್ತಿಹಿಡಿದು, ಬಲಗಿವಿಯ ಹತ್ತಿರ ಫೋನಿನ ರಿಂಗು ಬಾರಿಸಿದಳು. ಧನಲಕ್ಷ್ಮಿ ಬೆಚ್ಚುವಷ್ಟು ಜೋರಾಗಿತ್ತು.

"ಕೇಳ್ತಾ ಇದೆಯಾ?"

ಅವಳ ತುಟಿ ಅಲುಗುವುದನ್ನು ನೋಡಿ ಅವನು, "ಏನು?" ಎಂದ.

ಅವಳು ಕೈ ತೆಗೆದಳು. "ಯಾವತ್ತಿಂದ ಹೀಗಿದೆ?"

"ಭಾನುವಾರದಿಂದ. ನೀರು ಒಕ್ಕಂಡದೆ ಅಂತ…"

"ಹೊಗೆ ಊದಿಸ್ಕತಾವ್ರೆ" ಎಂದಳು ಧನಲಕ್ಷ್ಮಿ. "ದಿನಾ."

"ಇದು ನೀರಲ್ಲ ಅಶೋಕಣ್ಣ. ಇದ್ದಕ್ಕಿದ್ದ ಹಾಗೆ ಕಿವಿ ಹೋದ್ರೆ ಕಾಯಬಾರದು. ಇವತ್ತೇ ಹಾಸನಕ್ಕೆ ಹೋಗ್ಬೇಕು. ಈಗಲೇ. ನಾನು ರಜೆ ಹೇಳ್ತೀನಿ, ನನ್ನ ಕಾರಲ್ಲೇ ಹೋಗೋಣ."

ಕಾರು ಎಂದಾಗ ಅವನು ಕಾರಿನ ಕಡೆ ನೋಡಿದ. "ಇದ್ರಲ್ಲಾ? ಬ್ಯಾಡ. ಮೊದ್ಲು ಇದೇನು ಅಂತ ನೋಡಣ. ನೀವೇ ಕೇಳಿ."

ನೆಲದಿಂದ ಪೈಪನ್ನೆತ್ತಿ, ತುದಿಯನ್ನು ಅಂಗಿಗೆ ಒರೆಸಿ ಅವಳಿಗೆ ಕೊಟ್ಟ. ಧನಲಕ್ಷ್ಮಿ ಒಳಗೆ ಕೂತು ಅವನು ಹೇಳಿದಂತೆ ಕೀ ತಿರುಗಿಸಿದಳು. ಅವನು ಬೆರಳು ತೋರಿಸಿದ ಕಡೆಗೆಲ್ಲ ಪ್ರತಿಭಾ ಪೈಪು ಒಯ್ದಳು. ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ಇಲ್ಲ. ಅವನು ಇಷ್ಟು ದಿನ ಸದ್ದು ಕೇಳಿದ್ದ ಯಾವ ಜಾಗದಲ್ಲೂ ಸದ್ದಿರಲಿಲ್ಲ. ಕೊನೆಗೆ ಹಿಂದುಗಡೆ, ಕೈ ಹೋಗದ ಮೂಲೆಯಲ್ಲಿ, ಅವಳ ಹುಬ್ಬು ಮೇಲೇರಿತು.

"ಇಲ್ಲಿ. ಹಾವು ಬುಸುಗುಟ್ಟಿದ ಹಾಗೆ."

ಅವನು ಬಾಗಿ ನೋಡಿದ. ಇಂಜಿನ್ನಿನಿಂದ ಬ್ರೇಕಿನ ಡಬ್ಬಿಗೆ ಹೋಗುವ ಕೊಳವೆ ಅದು. ಪೆಡಲನ್ನು ಹಗುರ ಮಾಡುವುದು ಅದರ ಕೆಲಸ. ಕೆಳಭಾಗದಲ್ಲಿ, ಕಣ್ಣಿಗೆ ಬೀಳದಂತೆ, ಉದ್ದಕ್ಕೆ ಸೀಳಿತ್ತು.

"ಸಿಸ್ಟರೇ, ಬ್ರೇಕ್ ಗಟ್ಟಿ ಅನ್ಸ್ತಿತ್ತಾ?"

"ನಿನ್ನೆಯಿಂದ ಜೋರಾಗಿ ತುಳೀಬೇಕಾಗಿತ್ತು. ನೀವು ನೋಡಿದ್ದೀರಲ್ಲ, ಸರಿ ಇರುತ್ತೆ ಅಂದ್ಕೊಂಡೆ."

ಅಶೋಕ ಟೈರಿನ ರಾಶಿಯ ಮೇಲೆ ಕೂತುಬಿಟ್ಟ. ಕಾಫಿ ಆರಿತ್ತು.  ಸ್ವಲ್ಪ ಹೊತ್ತಿಗೆ ಎದ್ದು ಹೊಸ ಕೊಳವೆ ಹಾಕಿದ. ಕಾರು ನಡುಗುವುದು ನಿಂತಿತು. ನಿಂತಿದೆಯೆಂದು ಪ್ರತಿಭಾ ಹೇಳಿದಳು. ಅವನು ಅಂಗೈಯನ್ನು ಬಾನೆಟ್ಟಿನ ಮೇಲೆ ಒತ್ತಿ ನೋಡಿ ಒಪ್ಪಿದ.

ಅದೇ ಕಾರಿನಲ್ಲಿ ಪ್ರತಿಭಾ ಗಂಡ ಹೆಂಡತಿಯನ್ನು ಹಾಸನಕ್ಕೆ ಕರೆದೊಯ್ದಳು. ಅಲ್ಲಿಯ ಆಸ್ಪತ್ರೆಯಲ್ಲಿ ಅವನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಎಡಗಿವಿಯ ಪರೀಕ್ಷೆ ಬೇಗ ಮುಗಿಯಿತು. ಬಲಗಿವಿಗೆ ಬಂದ ಕೂಡಲೇ ಅವನು ಒತ್ತಿದ. ಮತ್ತೆ ಒತ್ತಿದ. ಒತ್ತುತ್ತಲೇ ಇದ್ದ. ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆಗೆದು, "ಇನ್ನೂ ನಾನು ಸೌಂಡ್ ಕೊಟ್ಟೇ ಇಲ್ಲ ಸರ್" ಎಂದಳು.

ಹೊರಗೆ ನಿಂತಿದ್ದ ಧನಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಲಗಿವಿಯ ನರ ಸೋತಿದೆ ಎಂದರು ಡಾಕ್ಟರು. ಆ ಸುಯ್ ಎನ್ನುವುದು ಸೋತ ಕಿವಿ ತಾನೇ ಮಾಡಿಕೊಳ್ಳುವ ಸದ್ದು. ಕೆಲವರಿಗೆ ಕಾರಣವೇ ಗೊತ್ತಾಗುವುದಿಲ್ಲ. ಮಾತ್ರೆ ಕೊಡುತ್ತೇವೆ, ಬೇಕಾದರೆ ಕಿವಿಯೊಳಗೆ ಇಂಜೆಕ್ಷನ್ ಕೊಡುತ್ತೇವೆ, ಎಷ್ಟು ಮರಳುತ್ತದೆಂದು ಹೇಳಲಾಗದು.

"ಹೊಗೆಯಿಂದ ಓಯ್ತಾ ಮೇಡಂ?" ಎಂದ ಅಶೋಕ.

"ಹೊಗೆಯಿಂದ ಅಲ್ಲ. ಆದರೆ ಹೊಗೆ ಊದಿಸ್ಕೊಳ್ತಾ ಕೂತ್ರಲ್ಲ, ಆ ದಿನಗಳು ಹೋದವು."

ಔಷಧಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದಾಗ ಅಶೋಕ ಒಮ್ಮೆಲೇ ತಲೆಯೆತ್ತಿದ. "ಈಶ್ವರಯ್ಯನೋರ ವ್ಯಾನು" ಎಂದ.

ಫೋನು ಮಾಡಿದ. ಅಭ್ಯಾಸದಂತೆ ಬಲಗಿವಿಗೆ ಹಿಡಿದುಕೊಂಡು, "ಎತ್ತುತಾ ಇಲ್ಲ" ಎಂದ. ಒಳಗಿನಿಂದ ಈಶ್ವರಯ್ಯ ಹಲೋ ಹಲೋ ಎನ್ನುತ್ತಿದ್ದುದು ಧನಲಕ್ಷ್ಮಿಗೆ ಕೇಳುತ್ತಿತ್ತು. ಅವಳು ಫೋನನ್ನು ಅವನ ಕೈಯಿಂದ ತೆಗೆದು ಎಡಗಿವಿಗೆ ಹಿಡಿದಳು.

"ಸಾ, ಎಲ್ಲಿದ್ದೀರಿ?"

"ಚನ್ನರಾಯಪಟ್ಟಣ ದಾಟ್ತಿದೀವಿ ಕಣಯ್ಯ. ಶ್ರವಣಬೆಳಗೊಳಕ್ಕೆ ಹೊರಟಿದೀವಿ. ಮನೆಯೋರೆಲ್ಲ ಇದಾರೆ."

"ಗಾಡಿ ಪಕ್ಕಕ್ಕೆ ನಿಲ್ಸಿ."

"ಯಾಕಯ್ಯ?"

"ನಿಲ್ಸಿ ಸಾ. ಸೋಮವಾರ ಚಕ್ರದಾಗೇನೂ ಇಲ್ಲ ಅಂದ್ನಲ್ಲ. ನಂಗೆ ಕೇಳಿಸ್ದೇ ಅಂದೆ. ನನ್ ಬಲಗಿವಿ ಓಗ್ಬುಟ್ಟದೆ. ಆವತ್ತೇ ಓಗಿತ್ತು, ಗೊತ್ತಿರ್ನಿಲ್ಲ."

ಆ ಕಡೆಯಿಂದ ಈಶ್ವರಯ್ಯನವರ ದನಿ ಕೇಳಿತು. "ತಮಾಷೆ ಮಾಡ್ತಿದೀಯಾ?"

"ಇಲ್ಲ ಸಾ. ಅಲ್ಲೇ ಯಾರ್ನಾರ ಕರೆಸಿ ಜಾಕ್ ಎತ್ತಿಸಿ ನೋಡ್ಸಿ. ನೋಡಿಸ್ದೆ ಓಡಿಸ್ಬ್ಯಾಡಿ."

ಔಷಧಿ ಬರುವವರೆಗೂ ಅವನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತ. ಅದು ಹೊಳೆದಾಗ ಧನಲಕ್ಷ್ಮಿಯೇ ಎತ್ತಿ ಕಿವಿಗೆ ಹಿಡಿದಳು.

ಈಶ್ವರಯ್ಯ ನಿಧಾನವಾಗಿ ಮಾತಾಡಿದರು. "ಎತ್ತಿಸ್ದೆ ಕಣಯ್ಯ. ಬೇರಿಂಗ್ ಪುಡಿ ಆಗಿದೆ. ಚಕ್ರ ಕೈಲಿ ಹಿಡಿದ್ರೆ ಅಲ್ಲಾಡ್ತದೆ. ಇನ್ನೊಂಚೂರು ಹೋಗಿದ್ರೆ ಕಿತ್ಕಂಡೋಗ್ತಿತ್ತು ಅಂದ ಇಲ್ಲಿಯವ್ನು. ಹಿಂದೆ ಮೊಮ್ಮಗು ಮಲಗಿದೆ." ಅಷ್ಟು ಹೇಳಿ ಫೋನು ಇಟ್ಟರು.

ಅಶೋಕ ಮುಂದಿನ ನಂಬರ್ ಹುಡುಕಿದ. ಭಾನುವಾರದಿಂದೀಚೆಗೆ ತಾನು ಸರಿ ಎಂದ ಗಾಡಿಗಳನ್ನೆಲ್ಲ ನೆನಪಿಸಿಕೊಳ್ಳುತ್ತಾ ಒಬ್ಬೊಬ್ಬರಿಗೂ ಅದೇ ಮಾತು ಹೇಳಿದ. ಬಲಗಿವಿ ಓಗ್ಬುಟ್ಟದೆ. ನಾನು ಸರಿ ಅಂದಿದ್ದು ಸರಿ ಅಂತ ಅಲ್ಲ. ಬೇರೆ ಕಡೆ ತೋರ್ಸ್ಕಳಿ. ಒಬ್ಬ ಬೈದ. ಒಬ್ಬ, "ಇನ್ನು ನಿನ್ನೇನಂತ ಕರೀಬೇಕ್ಲಾ?" ಎಂದು ನಕ್ಕ. ಇನ್ನೊಬ್ಬ ಆಸ್ಪತ್ರೆಯ ಹೆಸರು ಕೇಳಿದ.

"ಎಲ್ರಿಗೂ ಇಂಗೇ ಏಳುದ್ರೆ ನಾಳೆ ನಿಮ್ತಾವ ಯಾರು ಬತ್ತಾರೆ?" ಎಂದಳು ಧನಲಕ್ಷ್ಮಿ. ತಡೆಯಲು ಕೇಳಿದ್ದಲ್ಲ. ಅವಳಿಗೂ ಗೊತ್ತಾಗಬೇಕಿತ್ತು.

ಅವನು ಮತ್ತೊಂದು ನಂಬರ್ ಒತ್ತಿದ. ಅವಳು ಬಲಗಡೆ ಕೂತಿದ್ದಳು. ಕೇಳಿಸಿತೋ ಇಲ್ಲವೋ.

ಚಿಕಿತ್ಸೆ ಮುಗಿದ ಮೇಲೆ ಮತ್ತೆ ಅದೇ ಗಾಜಿನ ಕೋಣೆಯಲ್ಲಿ ಪರೀಕ್ಷೆಯಾಯಿತು. ದಪ್ಪ ಸದ್ದುಗಳು ಕೆಲವು ಮರಳಿದ್ದವು. ಸಣ್ಣವು ಬರಲಿಲ್ಲ. ಇನ್ನು ಬರುವುದು ಕಷ್ಟವೆಂದರು ಡಾಕ್ಟರು. ಒಳಗಿನ ಸುಯ್ ಹಾಗೆಯೇ ಉಳಿಯಿತು.

ಗ್ಯಾರೇಜಿಗೆ ಬರುವ ಗಾಡಿಗಳು ಕಡಿಮೆಯಾದವು. ಬ್ರೇಕು, ಕ್ಲಚ್ಚು, ಆಯಿಲ್ಲು, ಕಣ್ಣಿಗೂ ಕೈಗೂ ಸಿಗುವ ಕೆಲಸಗಳನ್ನು ಅವನು ಮಾಡುತ್ತಾನೆ. ಪಾರ್ವತಮ್ಮ ಹೊಗೆಸೊಪ್ಪನ್ನು ಮನೆಯಿಂದಲೇ ಹೊರಗೆ ಹಾಕಿದರು. ಯಾರೂ ಹೇಳಿರಲಿಲ್ಲ. ತಿಂಗಳುಗಟ್ಟಲೆ ಮಗನ ಬಲಗಡೆಗೆ ಬರದೆ ಸುತ್ತು ಹಾಕಿಕೊಂಡೇ ಓಡಾಡಿದರು.

ಮಾಘದ ಒಂದು ಬೆಳಿಗ್ಗೆ ಈಶ್ವರಯ್ಯನವರ ವ್ಯಾನು ಬಂತು. ಆ ಗುರುವಾರದ ನಂತರ ಅವರು ಇತ್ತ ಬಂದಿರಲಿಲ್ಲ. ಇಳಿದು, ಕಾರು ಬಿಚ್ಚುತ್ತಿದ್ದ ಅಶೋಕನನ್ನು ಬಳಸಿಕೊಂಡು ಎಡಗಡೆಗೆ ಬಂದು ನಿಂತರು.

"ಇಂಜಿನ್ನಲ್ಲಿ ಟಿಕ್ ಟಿಕ್ ಅಂತದೆ ಕಣಯ್ಯ. ಏನು ನೋಡು."

ಅಶೋಕ ಎದ್ದು ಬಾನೆಟ್ಟಿನ ಮುಂದೆ ನಿಂತ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ. ಕೈಯಿಟ್ಟು ನೋಡಿದ.

"ಗೊತ್ತಾಯ್ತಿಲ್ಲ ಸಾ" ಎಂದ.

ಅಷ್ಟು ವರ್ಷದಲ್ಲಿ ಆ ಮಾತು ಆ ತಗಡಿನ ಕೆಳಗೆ ಕೇಳಿಬಂದಿರಲಿಲ್ಲ. ಈಶ್ವರಯ್ಯ ಅವನ ಮುಖವನ್ನೇ ನೋಡಿದರು. ಆಮೇಲೆ ಕೀಯನ್ನು ಅವನ ಅಂಗಿಯ ಜೇಬಿಗೆ ಹಾಕಿದರು.

"ಹಾಸನದಾಗೆ ಯಾವನಿಗೆ ಗೊತ್ತಾಯ್ತದೋ ಅವನ ಹತ್ರ ನೀನೇ ತಗಂಡೋಗಿ ತೋರ್ಸು. ಸರಿ ಆಯ್ತು ಅಂತ ನೀನು ಹೇಳೋವರ್ಗೂ ನಾನು ಹತ್ತಾಕಿಲ್ಲ."

ಬಸ್ ಸ್ಟ್ಯಾಂಡಿನ ಕಡೆಗೆ ಅವರು ನಡೆದುಹೋದರು. ಅಶೋಕ ವ್ಯಾನಿನ ಬಾಗಿಲು ತೆಗೆದು, ಧನಲಕ್ಷ್ಮಿಯನ್ನು ಕರೆದು ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡ.